ಸುಣ್ಣಕಲ್ಲಿನ ಆಲ್ಪ್ಸ್ ಹತ್ತುವವರಿಗೆ ಗ್ರಾನೈಟಿನ ಅಭ್ಯಾಸ ಸಾಲದು

ಮಾನ್ಯ ಸಂಪಾದಕರೇ,

ಕನ್ನಡ ಪತ್ರಿಕೆಗಳ ಪ್ರವಾಸ ಪುಟಗಳಲ್ಲಿ ಆಲ್ಪ್ಸ್ ಚಾರಣದ ಬರಹಗಳು ಈಚೆಗೆ ಆಗಾಗ ಬರುತ್ತಿವೆ. ಸ್ಲೊವೇನಿಯಾದ ತ್ರಿಗ್ಲಾವ್, ಇಟಲಿಯ ಡೊಲೊಮೈಟ್ಸ್, ಆಸ್ಟ್ರಿಯಾದ ಡಾಕ್‌ಸ್ಟೈನ್ ಎಂಬ ಹೆಸರುಗಳು ಗಂಗಾವತಿ, ಕೊಪ್ಪಳದ ಹುಡುಗರ ಬಾಯಲ್ಲೂ ಕೇಳಿಬರುತ್ತವೆ. ಇದು ಸಂತೋಷದ ವಿಷಯವೇ. ಆದರೆ ಆ ಬರಹಗಳಲ್ಲಿ ವೀಸಾ, ವಿಮಾನದ ದರ, ಫೋಟೊ ತೆಗೆಯುವ ಜಾಗ ಎಲ್ಲ ಇರುತ್ತವೆ. ದಾರಿಯಲ್ಲಿ ನೀರು ಎಲ್ಲಿ ಸಿಗುತ್ತದೆ, ಇಳಿಯಲು ಎಷ್ಟು ಹೊತ್ತು ಬೇಕು, ಕಾಲಡಿಯ ಕಲ್ಲು ಯಾವುದು ಎಂಬುದು ಮಾತ್ರ ಇರುವುದಿಲ್ಲ. ಸಾಣಾಪುರ, ಆನೆಗೊಂದಿಯ ಗುಂಡುಗಳನ್ನು ಹತ್ತಿ ಪಳಗಿದವರು ‘ಕಲ್ಲು ಎಲ್ಲಿದ್ದರೂ ಕಲ್ಲೇ’ ಎಂದುಕೊಂಡು ಹೊರಟರೆ ಅಪಾಯಕ್ಕೆ ಸಿಗುವುದು ಇಲ್ಲಿಯೇ. ಗ್ರಾನೈಟ್ ಕಲಿಸಿದ ಹಲವು ಅಭ್ಯಾಸಗಳನ್ನು ಸುಣ್ಣಕಲ್ಲಿನ ಬೆಟ್ಟದಲ್ಲಿ ಬಿಡಬೇಕಾಗುತ್ತದೆ. ಅವು ಯಾವುವು, ಏಕೆ ಎಂದು ತಿಳಿಸುವುದಕ್ಕೆ ಈ ಪತ್ರ.

ನಮ್ಮ ಭಾಗದ ಗ್ರಾನೈಟ್ ನೆಲದಾಳದಲ್ಲಿ ಕರಗಿದ ಶಿಲೆ ನಿಧಾನವಾಗಿ ತಣಿದು ಆದದ್ದು. ವಯಸ್ಸು ಸುಮಾರು 250 ಕೋಟಿ ವರ್ಷ. ಬೆಣಚು, ಫೆಲ್ಡ್‌ಸ್ಪಾರ್ ಹರಳುಗಳು ದಪ್ಪ ದಪ್ಪ ಇರುವುದರಿಂದ ಮೈ ಒರಟು. ಕೈಗೆ ಹಿಡಿಯಲು ಏನೂ ಸಿಗದ ಹಾಸುಬಂಡೆಯ ಮೇಲೂ ಬೂಟಿನ ರಬ್ಬರ್ ಕಚ್ಚಿ ನಿಲ್ಲುತ್ತದೆ. ಮಳೆಯ ನೀರು ಬಂಡೆಯೊಳಕ್ಕೆ ಇಳಿಯುವುದಿಲ್ಲ, ಮೇಲೆ ಹರಿದು ದೊಣೆಗಳಲ್ಲಿ ನಿಲ್ಲುತ್ತದೆ. ತ್ರಿಗ್ಲಾವ್ ಇರುವ ಬೆಟ್ಟಸಾಲು, ಅಂದರೆ ಸ್ಲೊವೇನಿಯಾದ ಜೂಲಿಯನ್ ಆಲ್ಪ್ಸ್‌ನ ಕಲ್ಲು ಹುಟ್ಟಿದ್ದೇ ಬೇರೆ ರೀತಿ. ಬೆಚ್ಚನೆಯ ಸಮುದ್ರದ ತಳದಲ್ಲಿ ಚಿಪ್ಪು, ಹವಳ, ಸುಣ್ಣದ ಕೆಸರು ಪದರ ಪದರವಾಗಿ ಕೂಡಿ, 20 ಕೋಟಿ ವರ್ಷಕ್ಕೂ ಹಿಂದೆ ಗಟ್ಟಿಯಾದದ್ದು. ಮೆಗಾಲೊಡಾನ್ ಎಂಬ ಚಿಪ್ಪುಜೀವಿಯ ಅಡ್ಡಸೀಳು ಅಲ್ಲಿನ ಬೂದುಬಣ್ಣದ ಬಂಡೆಗಳಲ್ಲಿ ಹೃದಯದ ಆಕಾರದ ಗೆರೆಯಾಗಿ ಬರಿಗಣ್ಣಿಗೇ ಕಾಣುತ್ತದೆ. ಒಮ್ಮೆ ಗುರುತು ಸಿಕ್ಕರೆ ದಾರಿಯುದ್ದಕ್ಕೂ ಕಣ್ಣು ಅದನ್ನೇ ಹುಡುಕುತ್ತದೆ.

ಅಡುಗೆಮನೆಯ ಕಡಪ ಕಲ್ಲಿನ ಮೇಲೆ ನಿಂಬೆರಸ ಬಿದ್ದು ಒರೆಸದೆ ಬಿಟ್ಟರೆ ಹೊಳಪು ಹೋಗಿ ಬಿಳಿಚಿದ ಕಲೆ ಉಳಿಯುವುದನ್ನು ಎಲ್ಲರೂ ನೋಡಿದ್ದಾರೆ. ಕಡಪ ಕಲ್ಲೂ ಸುಣ್ಣಕಲ್ಲೇ. ಹುಳಿ ಅದನ್ನು ಕರಗಿಸುತ್ತದೆ. ಆಲ್ಪ್ಸ್‌ನಲ್ಲಿ ಈ ಕೆಲಸವನ್ನು ಮಳೆಯೇ ಮಾಡುತ್ತದೆ. ಮಳೆನೀರು ಗಾಳಿಯಿಂದ, ಮಣ್ಣಿನಿಂದ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಸೌಮ್ಯ ಆಮ್ಲವಾಗುತ್ತದೆ, ಬಿರುಕುಗಳಲ್ಲಿ ಇಳಿಯುತ್ತ ಅವುಗಳನ್ನು ಅಗಲ ಮಾಡುತ್ತದೆ. ಸಾವಿರಾರು ವರ್ಷ ಹೀಗೆ ನಡೆದರೆ ಬೆಟ್ಟದೊಳಗೆಲ್ಲ ಬಾವಿಗಳು, ಸುರಂಗಗಳು. ಸ್ಲೊವೇನಿಯಾ ಮತ್ತು ಇಟಲಿಯ ಗಡಿಯ ಕಾನಿನ್ ಬೆಟ್ಟದಲ್ಲಿರುವ ವ್ರ್ತೊಗ್ಲಾವಿತ್ಸಾ ಗುಹೆಯಲ್ಲಿ ಒಂದೇ ನೇರ ಇಳಿತ 603 ಮೀಟರ್ ಇದೆ.

ಇದರ ಮೊದಲ ಪರಿಣಾಮ ನೀರಿನ ಮೇಲೆ. ಜೂಲಿಯನ್ ಆಲ್ಪ್ಸ್‌ನ ಕೆಲವು ಕಡೆ ವರ್ಷಕ್ಕೆ 3000 ಮಿ.ಮೀ. ದಾಟಿ ಮಳೆ ಸುರಿಯುತ್ತದೆ. ನಮ್ಮ ಕೊಪ್ಪಳದಲ್ಲಿ 600 ಮಿ.ಮೀ. ಆಸುಪಾಸು. ಅಷ್ಟು ಮಳೆ ಬಂದರೂ ಮೇಲಿನ ದಾರಿಗಳಲ್ಲಿ ಹಳ್ಳವಿಲ್ಲ, ಝರಿ ತೀರಾ ವಿರಳ. ಬಿದ್ದ ನೀರೆಲ್ಲ ಕಲ್ಲಿನೊಳಗೆ ಇಳಿದು ಕೆಳಗೆ ಕಣಿವೆಯಲ್ಲಿ ಬುಗ್ಗೆಯಾಗಿ ಹೊರಬರುತ್ತದೆ. ಹಸಿರು ಕಣಿವೆ, ಸುತ್ತ ಹಿಮದ ಪಟ್ಟೆ ನೋಡಿ ‘ಇಲ್ಲಿ ನೀರಿಗೇನು ಬರ’ ಎಂದು ಒಂದು ಲೀಟರ್ ಬಾಟಲಿ ಹಿಡಿದು ಹೊರಟವರು ಮಧ್ಯಾಹ್ನದೊಳಗೆ ಒಣಗುತ್ತಾರೆ. ಬೇಸಿಗೆಯಲ್ಲಿ ತಲೆಗೆ 3 ಲೀಟರ್ ಹೊತ್ತೇ ಹೊರಡಬೇಕು, ಪ್ರತಿ ತಂಗುಮನೆಯಲ್ಲಿ ತುಂಬಿಕೊಳ್ಳಬೇಕು. ಎತ್ತರದ ತಂಗುಮನೆಗಳೂ ಚಾವಣಿಯ ಮಳೆನೀರನ್ನೇ ತೊಟ್ಟಿಯಲ್ಲಿ ಹಿಡಿದು ಬಳಸುತ್ತವೆ, ಕುಡಿಯುವ ನೀರನ್ನು ಬಾಟಲಿಯಲ್ಲಿ ಮಾರುತ್ತವೆ. ಬೆಲೆ ಕೇಳಿ ಸಿಟ್ಟಾಗಬಾರದು; ಸಾಮಾನು ಅಲ್ಲಿಗೆ ಬರುವುದು ಹೆಲಿಕಾಪ್ಟರ್‌ನಲ್ಲೋ ಸರಕಿನ ರೋಪ್‌ವೇಯಲ್ಲೋ.

ಎರಡನೆಯದು ದಾರಿ ತಪ್ಪಿದಾಗಿನ ನಡೆ. ಮಂಜು ಮುಸುಕಿದರೆ ಇಳಿಜಾರು ಹಿಡಿದು ಇಳಿ, ಹಳ್ಳ ಸಿಕ್ಕರೆ ಅದರ ಜಾಡಿನಲ್ಲಿ ನಡೆ, ಊರು ಸಿಗುತ್ತದೆ ಎಂಬುದು ನಮ್ಮ ಕಡೆ ಹಿರಿಯರು ಹೇಳಿಕೊಟ್ಟ ಬುದ್ಧಿ. ಸುಣ್ಣಕಲ್ಲಿನ ಪ್ರಸ್ಥಭೂಮಿಯಲ್ಲಿ ಇದು ಕೈಕೊಡುತ್ತದೆ. ಅಲ್ಲಿ ಹಳ್ಳವೇ ಇಲ್ಲ. ನೆಲವೆಲ್ಲ ಬೋಗುಣಿಯಾಕಾರದ ಮುಚ್ಚಿದ ತಗ್ಗುಗಳು. ಇಳಿಜಾರು ಹಿಡಿದು ಹೋದವರು ಒಂದು ತಗ್ಗಿನ ತಳಕ್ಕೆ ಇಳಿದು, ಎಲ್ಲ ದಿಕ್ಕಿಗೂ ಏರನ್ನೇ ಎದುರಿಸಬೇಕಾಗುತ್ತದೆ. ಜೂನ್‌ನಲ್ಲಿ ಹಿಮ ಇನ್ನೂ ಉಳಿದಿರುವಾಗ ಬಾವಿಗಳ ಬಾಯಿ ಹಿಮದಿಂದ ಮುಚ್ಚಿರುವುದೂ ಉಂಟು. 1954ರ ಈಸ್ಟರ್ ವಾರದಲ್ಲಿ ಡಾಕ್‌ಸ್ಟೈನ್ ಪ್ರಸ್ಥಭೂಮಿಯಲ್ಲಿ ಹಿಮಬಿರುಗಾಳಿಗೆ ಸಿಕ್ಕಿ ಜರ್ಮನಿಯ ಹೈಲ್‌ಬ್ರಾನ್ ಊರಿನ 10 ವಿದ್ಯಾರ್ಥಿಗಳು, 3 ಶಿಕ್ಷಕರು ಪ್ರಾಣ ಕಳೆದುಕೊಂಡರು. ಮಂಜು ಬಂದಾಗ ಮಾಡಬೇಕಾದದ್ದು ಇಷ್ಟೆ: ಕೊನೆಯ ದಾರಿಗುರುತು ಕಂಡಲ್ಲೇ ನಿಲ್ಲುವುದು, ಮುಂದಿನದು ಕಾಣದಿದ್ದರೆ ಬಂದ ದಾರಿಯಲ್ಲಿ ಹಿಂದಕ್ಕೆ ಹೋಗುವುದು. ಸ್ಲೊವೇನಿಯಾದಲ್ಲಿ ದಾರಿಗುರುತು ಎಂದರೆ ಕೆಂಪು ಬಳೆ, ನಡುವೆ ಬಿಳಿ ಚುಕ್ಕೆ. ಫೋನಿನ ನಕ್ಷೆ ಜೊತೆಗಿರಲಿ, ಆದರೆ 1:25,000 ಅಳತೆಯ ಕಾಗದದ ನಕ್ಷೆಯೂ ಚೀಲದಲ್ಲಿರಲಿ. ಚಳಿಗೆ ಬ್ಯಾಟರಿ ಬೇಗ ಬೀಳುತ್ತದೆ.

ಮೂರನೆಯದು ಹಿಡಿತ. ಸುಣ್ಣಕಲ್ಲಿನ ಕಣಗಳು ಬಹಳ ಸಣ್ಣವು. ಜನ ಓಡಾಡಿದ ದಾರಿಯಲ್ಲಿ ಬೂಟು ತಾಗಿ ತಾಗಿ ಕಲ್ಲು ನುಣುಪಾಗಿರುತ್ತದೆ. ಒಂದು ಹನಿ ಮಳೆ ಬಿದ್ದರೂ ಜಾರುತ್ತದೆ. ಸಾಣಾಪುರದಲ್ಲಿ ಮಾಡುವಂತೆ ಪಾದವನ್ನು ಚಪ್ಪಟೆ ಇಟ್ಟು ಉಜ್ಜುಬಲವನ್ನು ನಂಬಿ ನಡೆಯುವಂತಿಲ್ಲ. ಅಂಚು, ಗುಳಿ, ಬಿರುಕು ಹುಡುಕಿ ಬೂಟಿನ ತುದಿಯನ್ನು ಅಲ್ಲಿ ಕೂರಿಸಬೇಕು. ಜನ ಓಡಾಡದ ಕಡೆ ಸಮಸ್ಯೆ ಉಲ್ಟಾ: ಮಳೆ ಕೊರೆದ ಗೀರುಗಳ ಅಂಚು ಚಾಕುವಿನಷ್ಟು ಹರಿತ, ಬಿದ್ದರೆ ಅಂಗೈ ಸೀಳುತ್ತದೆ. ಕಲ್ಲು ಪದರ ಪದರವಾಗಿರುವುದರಿಂದ ಹಿಡಿದ ತುಂಡೇ ಕಿತ್ತು ಬರುವುದು ಸಾಮಾನ್ಯ. ಭಾರ ಹಾಕುವ ಮುಂಚೆ ಬೆರಳಗೆಣ್ಣಿನಿಂದ ತಟ್ಟಿ ನೋಡಬೇಕು. ಟೊಳ್ಳು ಸದ್ದು ಬಂದರೆ ಬಿಟ್ಟುಬಿಡಬೇಕು. ನಮ್ಮ ಗ್ರಾನೈಟಿನಲ್ಲಿ ಈರುಳ್ಳಿ ಸಿಪ್ಪೆಯಂತೆ ಏಳುವ ಚಕ್ಕೆಗಳ ಸದ್ದು ಗೊತ್ತಿರುವವರಿಗೆ ಈ ಒಂದು ಅಭ್ಯಾಸ ಅಲ್ಲಿಯೂ ಉಪಯೋಗಕ್ಕೆ ಬರುತ್ತದೆ. ಹಿಡಿದದ್ದನ್ನು ಕೆಳಮುಖವಾಗಿ ಒತ್ತಿ ಏರಬೇಕೇ ಹೊರತು ಹೊರಗೆ ಎಳೆಯಬಾರದು.

ಕಲ್ಲು ಉರುಳುವುದಕ್ಕೂ ಕಾರಣ ಈ ಪದರ, ಬಿರುಕುಗಳೇ. ಬಿರುಕಿನಲ್ಲಿ ನಿಂತ ನೀರು ರಾತ್ರಿ ಹೆಪ್ಪುಗಟ್ಟುವಾಗ ಶೇ 9ರಷ್ಟು ಹಿಗ್ಗಿ ಕಲ್ಲನ್ನು ಸಡಿಲಿಸುತ್ತದೆ, ಬೆಳಿಗ್ಗೆ ಬಿಸಿಲು ತಾಗಿ ಮಂಜುಗಡ್ಡೆ ಕರಗಿದಾಗ ಕಲ್ಲು ಕಳಚುತ್ತದೆ. ಮೇಲೆ ನಡೆಯುವ ಜನರ ಕಾಲು ತಾಗಿಯೂ ಉರುಳುತ್ತದೆ, ಕಾಡುಮೇಕೆಗಳ ಓಡಾಟದಿಂದಲೂ ಉರುಳುತ್ತದೆ. ಹೆಲ್ಮೆಟ್ ಹಾಕಿಕೊಳ್ಳಬೇಕಾದದ್ದು ತಂತಿಹಗ್ಗ (ಹಿಡಿದು ಏರಲು ಬಂಡೆಗೆ ಬಿಗಿದ ಉಕ್ಕಿನ ಹಗ್ಗ) ಶುರುವಾಗುವಲ್ಲಿ ಅಲ್ಲ, ಬಂಡೆಗೋಡೆಯ ಬುಡಕ್ಕೆ ಬರುವ ಮೊದಲು. ಬೈಕಿನ ಹೆಲ್ಮೆಟ್ ಇದಕ್ಕೆ ಆಗಿಬರುವುದಿಲ್ಲ. ಭಾರ ಹೆಚ್ಚು, ಮೇಲಕ್ಕೆ ನೋಡಲು ಕತ್ತು ಎತ್ತಲಾಗುವುದಿಲ್ಲ. ನಿಮ್ಮ ಕಾಲಿನಿಂದ ಕಲ್ಲು ಉರುಳಿದರೆ ಯಾವ ಭಾಷೆಯಲ್ಲಾದರೂ ಸರಿ, ತಕ್ಷಣ ಜೋರಾಗಿ ಕೂಗಿ. ಮೇಲಿಂದ ಕೂಗು ಕೇಳಿದರೆ ತಲೆ ಎತ್ತಿ ನೋಡದೆ ಗೋಡೆಗೆ ಒತ್ತಿ ನಿಲ್ಲಿ.

ಈಗ ತ್ರಿಗ್ಲಾವ್ ದಾರಿಗಳು. ಎತ್ತರ 2864 ಮೀಟರ್. ಸ್ಲೊವೇನಿಯಾದ ಧ್ವಜದಲ್ಲಿರುವ ಬೆಟ್ಟ ಇದೇ. ಮೊದಲು ಏರಿದ್ದು 1778ರಲ್ಲಿ. ತುದಿಯಲ್ಲಿರುವ ಲೋಹದ ಚಿಕ್ಕ ಗೋಪುರವನ್ನು 1895ರಲ್ಲಿ ಯಾಕೊಬ್ ಅಲ್ಯಾಜ್ ಎಂಬ ಪಾದ್ರಿ ನಿಲ್ಲಿಸಿದರು. ಹಿಮಾಲಯ ನೋಡಿದವರಿಗೆ ಈ ಎತ್ತರ ಏನೂ ಅಲ್ಲ ಅನ್ನಿಸಬಹುದು. ಕಷ್ಟ ಇರುವುದು ಎತ್ತರದಲ್ಲಲ್ಲ, ಒಂದೇ ದಿನದಲ್ಲಿ ಏರಬೇಕಾದ ಮೀಟರುಗಳಲ್ಲಿ ಮತ್ತು ಕೊನೆಯ ಏಣಿನಲ್ಲಿ, ಅಂದರೆ ತುದಿಗೆ ಹೋಗುವ ಬೆಟ್ಟದ ಕಿರಿದಾದ ನೆತ್ತಿಯಲ್ಲಿ.

ಮೊದಲ ಸಲ ಹೋಗುವವರಿಗೆ ಪೊಕ್ಲ್ಯೂಕಾ ಪ್ರಸ್ಥಭೂಮಿಯ ಕಡೆಯ ದಾರಿ ಮೇಲು. ರುದ್ನೊ ಪೋಲ್ಯೆ (1347 ಮೀ.) ಎಂಬಲ್ಲಿಂದ ಹೊರಟರೆ ವೊದ್ನಿಕೊವ್ ದೋಮ್ ತಂಗುಮನೆಗೆ (1817 ಮೀ.) ಸುಮಾರು 3 ಗಂಟೆ, ಅಲ್ಲಿಂದ ಪ್ಲಾನಿಕಾ ತಂಗುಮನೆಗೆ (2401 ಮೀ.) 2 ಗಂಟೆ, ಅಲ್ಲಿಂದ ತುದಿಗೆ ಒಂದೂವರೆ ಗಂಟೆ. ಮೊದಲ ದಿನ ಪ್ಲಾನಿಕಾದಲ್ಲಿ ಮಲಗಿ, ಮರುದಿನ ಬೆಳಕು ಹರಿಯುವಾಗ ತುದಿಗೆ ಹೋಗಿ ಇಳಿಯಬೇಕು. ‘ಒಂದೇ ದಿನದಲ್ಲಿ ಮುಗಿಸಬಹುದು’ ಎಂಬ ಮಾತು ಆ ಊರಿನ ಗಟ್ಟಿ ಕಾಲಿನವರಿಗೆ ಸರಿ. ಹೋಗಿ ಬರಲು 11–12 ಗಂಟೆ ನಡಿಗೆ, ಸುಸ್ತಾದ ಕಾಲಿನಲ್ಲಿ ಮಧ್ಯಾಹ್ನದ ಗುಡುಗಿನ ಹೊತ್ತಿಗೆ ಏಣಿನ ಮೇಲಿರುವುದು ಎಂದು ಅದರ ಅರ್ಥ.

ಉತ್ತರದ ವ್ರಾತಾ ಕಣಿವೆಯ ದಾರಿ ನೋಡಲು ಅದ್ಭುತ. ಸುಮಾರು 1000 ಮೀಟರ್ ಎತ್ತರದ ತ್ರಿಗ್ಲಾವ್‌ನ ಉತ್ತರ ಗೋಡೆ ಪಕ್ಕದಲ್ಲೇ ನಿಂತಿರುತ್ತದೆ. ಆದರೆ ಅಲ್ಯಾಜೆವ್ ದೋಮ್ ತಂಗುಮನೆಯಿಂದ (1015 ಮೀ.) ತುದಿಗೆ ಏರಬೇಕಾದದ್ದು 1849 ಮೀಟರ್. ಇಲ್ಲಿಂದ ಎರಡು ದಾರಿ: ತೊಮಿನ್‌ಶೆಕ್ ಮತ್ತು ಪ್ರಾಗ್. ಎರಡರಲ್ಲೂ ಕಬ್ಬಿಣದ ಗೂಟ, ತಂತಿಹಗ್ಗಗಳಿವೆ, ಎರಡೂ ಕ್ರೆಡಾರಿತ್ಸಾ ತಂಗುಮನೆಗೆ (2515 ಮೀ.) ಸೇರುತ್ತವೆ; ಅಲ್ಲಿಯವರೆಗೆ ಸುಮಾರು 5 ಗಂಟೆ. ತೊಮಿನ್‌ಶೆಕ್ ಏರಿ ಪ್ರಾಗ್ ಇಳಿಯುವುದು ರೂಢಿ. ಕ್ರ್ಮಾ ಕಣಿವೆಯ ದಾರಿಯಲ್ಲಿ ಕ್ರೆಡಾರಿತ್ಸಾವರೆಗೆ ಕೈ ಬಳಸುವ ಕೆಲಸ ಕಡಿಮೆ, ನಡಿಗೆ ಮಾತ್ರ ಬಹಳ ಉದ್ದ.

ಯಾವ ಕಣಿವೆಯಿಂದ ಬಂದರೂ ಕೊನೆಯ ಭಾಗ ಗೂಟ ಮತ್ತು ತಂತಿಹಗ್ಗದ್ದೇ. ಕ್ರೆಡಾರಿತ್ಸಾದಿಂದ ಮಾಲಿ ತ್ರಿಗ್ಲಾವ್ ಎಂಬ ಚಿಕ್ಕ ಶಿಖರ ದಾಟಿ ತುದಿಗೆ 350 ಮೀಟರ್ ಏರು, ಎರಡೂ ಕಡೆ ಪಾತಾಳ. ಏರುವವರು, ಇಳಿಯುವವರು ಒಂದೇ ಹಗ್ಗ ಹಿಡಿಯಬೇಕು. ಆಗಸ್ಟ್‌ನ ಶನಿವಾರ, ಭಾನುವಾರ ಅಲ್ಲಿ ಸಾಲು ನಿಲ್ಲುತ್ತದೆ. ವಾರದ ನಡುವೆ ಹೋಗಿ.

ಈ ತಂತಿಹಗ್ಗದ ದಾರಿಗೆ ಬೇಕಾದ ಸಲಕರಣೆಯ ಬಗ್ಗೆಯೇ ಅತಿ ಹೆಚ್ಚು ತಪ್ಪು ತಿಳಿವಳಿಕೆ ಇದೆ. ಬೇಕಾದದ್ದು ಹಾರ್ನೆಸ್ (ಸೊಂಟ, ತೊಡೆಗೆ ಕಟ್ಟುವ ಪಟ್ಟಿ), ಹೆಲ್ಮೆಟ್, ಕೈಗವಸು ಮತ್ತು ಆಘಾತ ಹೀರುವ ಪೊಟ್ಟಣವಿರುವ ವಿಯಾ ಫೆರಾಟಾ ಸೆಟ್. ವಿಯಾ ಫೆರಾಟಾ ಎಂದರೆ ಇಂಥ ತಂತಿಹಗ್ಗದ ದಾರಿಯೇ. ಹಂಪಿ ಕಡೆ ಬಂಡೆ ಹತ್ತಲು ಬಳಸುವ ಸಾಮಾನ್ಯ ಸ್ಲಿಂಗ್‌ಗೆ (ಬಟ್ಟೆಪಟ್ಟಿಯ ಕುಣಿಕೆ) ಎರಡು ಕ್ಯಾರಾಬೀನರ್ (ತೆರೆದು ಮುಚ್ಚುವ ಲೋಹದ ಕೊಂಡಿ) ಸಿಕ್ಕಿಸಿಕೊಂಡು ಹೋಗುವವರಿದ್ದಾರೆ. ಇದು ಜೀವಕ್ಕೆ ಎರವಾಗುವ ಕೆಲಸ. ಲೆಕ್ಕ ನೋಡಿ: ಬಿದ್ದ ದೂರವನ್ನು ಆ ಬೀಳನ್ನು ತಡೆಯುವ ಹಗ್ಗದ ಉದ್ದದಿಂದ ಭಾಗಿಸಿದರೆ ಬರುವ ಸಂಖ್ಯೆ ಹೊಡೆತದ ಅಳತೆ. ಮಾಮೂಲಿ ಹಗ್ಗದ ಏರಿಕೆಯಲ್ಲಿ ಅದು 2 ದಾಟುವುದಿಲ್ಲ. ತಂತಿಹಗ್ಗದ ದಾರಿಯಲ್ಲಿ ಬಿದ್ದವರು ಕೆಳಗಿನ ಗೂಟದವರೆಗೂ ಜಾರುತ್ತಾರೆ. ಗೂಟ 3 ಮೀಟರ್ ಕೆಳಗಿದ್ದು ಸ್ಲಿಂಗ್ 1 ಮೀಟರ್ ಇದ್ದರೆ ಬೀಳು 4 ಮೀಟರ್ ಆಗಿ, ಸಂಖ್ಯೆ 4ಕ್ಕೆ ಹೋಗುತ್ತದೆ. ಸ್ಲಿಂಗ್ ಹಿಗ್ಗುವುದಿಲ್ಲ, ಆ ಹೊಡೆತಕ್ಕೆ ಅದೋ ಕ್ಯಾರಾಬೀನರೋ ತುಂಡಾಗಬಹುದು. ವಿಯಾ ಫೆರಾಟಾ ಸೆಟ್‌ನ ಪೊಟ್ಟಣದೊಳಗೆ ಮಡಿಸಿ ಹೊಲಿದ ಪಟ್ಟಿ ಇರುತ್ತದೆ. ಹೊಡೆತ ಬಿದ್ದಾಗ ಹೊಲಿಗೆ ಒಂದೊಂದಾಗಿ ಬಿಚ್ಚಿ ವೇಗ ಇಳಿಸುತ್ತದೆ.

ಸೆಟ್ ಕೊಳ್ಳುವಾಗ ಇಎನ್ 958 ಎಂಬ ಯುರೋಪಿನ ಗುಣಮಟ್ಟದ ಗುರುತು, ಅದರಲ್ಲೂ 2017ರ ಪರಿಷ್ಕರಣೆ ನೋಡಿ. ಅದು ಚೀಲ ಬಿಟ್ಟು 40 ಕೆ.ಜಿ.ಗೆ ಕಡಿಮೆಯಿಲ್ಲದ, ಚೀಲದ ಭಾರವೂ ಸೇರಿ 120 ಕೆ.ಜಿ. ದಾಟದವರಿಗೆ. ಹಗುರಾದ ಮಕ್ಕಳಿಗೆ ಹೊಲಿಗೆ ಸರಿಯಾಗಿ ಬಿಚ್ಚದಿರಬಹುದು. ಅವರನ್ನು ಮಾರ್ಗದರ್ಶಕರು ಬೇರೆ ಹಗ್ಗದಲ್ಲಿ ಕಟ್ಟಿಕೊಳ್ಳಬೇಕು. ಒಮ್ಮೆ ಬಿದ್ದು ಪಟ್ಟಿ ಬಿಚ್ಚಿದ ಸೆಟ್ ಮತ್ತೆ ಬಳಸುವಂತಿಲ್ಲ. ಬಳಸುವ ಕ್ರಮ ಹೀಗೆ: ಎರಡೂ ಕ್ಯಾರಾಬೀನರ್ ಹಗ್ಗಕ್ಕೆ ಸಿಕ್ಕಿಸಿ ನಡೆಯಿರಿ. ಗೂಟ ಬಂದಾಗ ಒಂದನ್ನು ತೆಗೆದು ಗೂಟದ ಆಚೆ ಹಾಕಿ, ಅದು ಮುಚ್ಚಿಕೊಂಡ ಸದ್ದು ಕೇಳಿದ ಮೇಲೆ ಎರಡನೆಯದನ್ನು ತೆಗೆಯಿರಿ. ಎರಡೂ ಒಟ್ಟಿಗೆ ಗಾಳಿಯಲ್ಲಿ ಇರುವ ಕ್ಷಣ ಬರಲೇಬಾರದು. ಎರಡು ಗೂಟಗಳ ನಡುವಿನ ಹಗ್ಗದಲ್ಲಿ ಒಬ್ಬರೇ ಇರಬೇಕು, ಏಕೆಂದರೆ ಮೇಲಿನವರು ಬಿದ್ದರೆ ಕೆಳಗಿನವರ ಮೇಲೇ ಬರುತ್ತಾರೆ. ಹಳೆಯ ತಂತಿಯ ಎಳೆಗಳು ಮುರಿದು ಮುಳ್ಳಿನಂತೆ ಎದ್ದಿರುವುದರಿಂದ ಕೈಗವಸು ಬಿಡಬೇಡಿ. ಗೂಟ ಸಡಿಲವಾಗಿದ್ದರೆ ಅದನ್ನು ಹಿಡಿದು ಜೋತಾಡದೆ ಕಾಲಿನ ಮೇಲೆ ಭಾರ ಇಟ್ಟು ದಾಟಿ, ಕೆಳಗೆ ಬಂದು ತಂಗುಮನೆಯಲ್ಲಿ ಹೇಳಿ. ನಡಿಗೆ ಕೋಲುಗಳನ್ನು ಮಡಚಿ ಚೀಲಕ್ಕೆ ಹಾಕಿಬಿಡಿ. ಸಿಕ್ಕಿಸಿ ಬಿಡಿಸುವ ಅಭ್ಯಾಸವನ್ನು ಇಲ್ಲಿಯೇ, ಮನೆಯ ಮೆಟ್ಟಿಲಿನ ಕಂಬಿಗೆ ಹಗ್ಗ ಕಟ್ಟಿ, ಕೈಗವಸು ಹಾಕಿಕೊಂಡು, ನೋಡದೆಯೇ ಆಗುವವರೆಗೆ ಮಾಡಿಕೊಳ್ಳಬಹುದು.

ಹವಾಮಾನದ ವಿಷಯ ಚಿಕ್ಕದು, ಆದರೆ ತಪ್ಪಿದರೆ ತಿದ್ದಲು ಬಾರದು. ಜುಲೈ, ಆಗಸ್ಟ್‌ನಲ್ಲಿ ಬೆಳಿಗ್ಗೆ ಆಕಾಶ ತೊಳೆದಿಟ್ಟಂತಿದ್ದರೂ ಮಧ್ಯಾಹ್ನ ಗುಡುಗು ಬರುತ್ತದೆ. ಕಣಿವೆಯ ತೇವದ ಬಿಸಿಗಾಳಿ ಗೋಡೆ ಹಿಡಿದು ಮೇಲೇರಿ ಮೋಡವಾಗುತ್ತದೆ. ಉಕ್ಕಿನ ಹಗ್ಗ ಕಟ್ಟಿದ ಬೋಳು ಏಣಿನ ನೆತ್ತಿಗಿಂತ ಕೆಟ್ಟ ಜಾಗ ಸಿಡಿಲಿಗೆ ಮತ್ತೊಂದಿಲ್ಲ. ಮಧ್ಯಾಹ್ನ 12ರೊಳಗೆ ಏಣಿನಿಂದ ಇಳಿದಿರಬೇಕು. ಸಿಕ್ಕಿಹಾಕಿಕೊಂಡರೆ ಕ್ಷೇಮವಾಗಿ ಬಿಡಿಸಿಕೊಳ್ಳಬಹುದಾದ ಮೊದಲ ಜಾಗದಲ್ಲೇ ಹಗ್ಗದಿಂದ ದೂರ ಸರಿದು, ಚೀಲದ ಮೇಲೆ ಪಾದ ಜೋಡಿಸಿ ಕುಕ್ಕರಗಾಲಿನಲ್ಲಿ ಕೂರಿ. ಬಂಡೆಯ ಪೊಟರೆಗೆ ಒರಗಬೇಡಿ. ಎತ್ತರ 1000 ಮೀಟರ್ ಹೆಚ್ಚಿದರೆ ಉಷ್ಣತೆ ಸುಮಾರು 6 ಡಿಗ್ರಿ ಇಳಿಯುತ್ತದೆ. ಕಣಿವೆಯಲ್ಲಿ 25 ಇದ್ದ ದಿನ ತುದಿಯಲ್ಲಿ 13, ಗಾಳಿ ಸೇರಿದರೆ ಇನ್ನೂ ಚಳಿ. ಟೋಪಿ, ಬೆಚ್ಚನೆಯ ಅಂಗಿ, ಮಳೆಯಂಗಿ ಆಗಸ್ಟ್‌ನಲ್ಲೂ ಬೇಕು. ಜುಲೈ ಮಧ್ಯದಿಂದ ಸೆಪ್ಟೆಂಬರ್ ಮಧ್ಯದವರೆಗೆ ಒಳ್ಳೆಯ ಕಾಲ. ಜೂನ್‌ನಲ್ಲಿ ಕೊರಕಲುಗಳಲ್ಲಿ ಗಟ್ಟಿ ಹಿಮ ಇರುತ್ತದೆ. ಹಿಮಕೊಡಲಿ, ಕ್ರಾಂಪಾನ್ (ಬೂಟಿಗೆ ಕಟ್ಟುವ ಲೋಹದ ಮುಳ್ಳು) ಬಳಸಲು ಬಾರದವರು ಹೋಗಬಾರದು.

ದೇಹ ಸಿದ್ಧ ಮಾಡಿಕೊಳ್ಳಲು ಅಂಜನಾದ್ರಿಯೇ ಸಾಕು. 575 ಮೆಟ್ಟಿಲು, ಮೆಟ್ಟಿಲಿಗೆ 17 ಸೆಂ.ಮೀ. ಹಿಡಿದರೆ ಸುಮಾರು 100 ಮೀಟರ್ ಏರು. ವ್ರಾತಾ ದಾರಿಯೆಂದರೆ ಇಂಥ ಹದಿನೆಂಟು ಅಂಜನಾದ್ರಿ. ಮೂರು ತಿಂಗಳ ಮುಂಚಿನಿಂದ ವಾರಕ್ಕೆ ಎರಡು ಬೆಳಗು, ಭಕ್ತರ ಸಂದಣಿಯ ಶನಿವಾರ ಬಿಟ್ಟು, 8 ಕೆ.ಜಿ. ಚೀಲ ಹೊತ್ತು ನಾಲ್ಕು ಸಲದಿಂದ ಶುರು ಮಾಡಿ ಎಂಟಕ್ಕೆ ಏರಿಸಬೇಕು. ಇಳಿಯುವುದನ್ನು ವಿಶ್ರಾಂತಿ ಎಂದುಕೊಳ್ಳಬೇಡಿ. ಆಲ್ಪ್ಸ್‌ನಲ್ಲಿ ತೊಡೆ ನಡುಗುವುದು, ಮೊಣಕಾಲು ಹಿಡಿದುಕೊಳ್ಳುವುದು ಇಳಿಯುವಾಗಲೇ. ಲೆಕ್ಕಕ್ಕೆ ಗಂಟೆಗೆ 300 ಮೀಟರ್ ಏರು, 500 ಮೀಟರ್ ಇಳಿತ ಎಂದು ಹಿಡಿಯಿರಿ. ಅಲ್ಲಿನ ಫಲಕಗಳಲ್ಲಿ ಹೆಚ್ಚಾಗಿ ಕಿಲೋಮೀಟರ್ ಅಲ್ಲ, ಗಂಟೆಯನ್ನೇ ಬರೆದಿರುತ್ತಾರೆ.

ತಂಗುಮನೆಗೆ ಮೊದಲೇ ಕಾಯ್ದಿರಿಸಬೇಕು, ಸ್ವಂತ ಹೊದಿಕೆಚೀಲ ಒಯ್ಯಬೇಕು, ಬೂಟು ಬಾಗಿಲಲ್ಲೇ ಬಿಡಬೇಕು, ನಗದು ಇಟ್ಟುಕೊಳ್ಳಬೇಕು. ಬಾರ್ಲಿಯ ರಿಚೆತ್, ಹುಳಿ ಕೋಸಿನ ಯೋತಾ ಸಾರು ನೋಡಲು ಸಸ್ಯಾಹಾರದಂತಿದ್ದರೂ ಹಂದಿಮಾಂಸ ಹಾಕಿರುವುದೇ ಹೆಚ್ಚು. ‘ಬ್ರೆಜ್ ಮೇಸಾ’ ಎಂದರೆ ಮಾಂಸ ಹಾಕದ್ದು ಕೊಡುತ್ತಾರೆ. ಡೇರೆ ಹಾಕುವಂತಿಲ್ಲ, ಎತ್ತರದ ಸರೋವರಗಳಲ್ಲಿ ಈಜುವಂತಿಲ್ಲ. ತ್ರಿಗ್ಲಾವ್ ರಾಷ್ಟ್ರೀಯ ಉದ್ಯಾನದ ನಿಯಮ ಅದು. ವಿಮೆಯ ಪಾಲಿಸಿಯಲ್ಲಿ ‘ಪರ್ವತಾರೋಹಣ ಹೊರತು’ ಎಂಬ ಸಾಲು ಇದೆಯೇ ಎಂದು ದುಡ್ಡು ಕಟ್ಟುವ ಮೊದಲು ಓದಿ.

ಹಗ್ಗ, ಗೂಟ ಬೇಡ ಎನ್ನುವವರು ತ್ರಿಗ್ಲಾವ್ ಬಿಟ್ಟು ಏಳು ಸರೋವರಗಳ ಕಣಿವೆಗೆ ಹೋಗುವುದು ಎಷ್ಟೋ ಒಳ್ಳೆಯದು. ಬೋಹಿನ್ ಕಣಿವೆಯ ಮೇಲಿನ ಪ್ಲಾನಿನಾ ಬ್ಲಾತೊ (1147 ಮೀ.) ಇಂದ ಸರೋವರದ ತಂಗುಮನೆಗೆ (1685 ಮೀ.) ಸುಮಾರು 4 ಗಂಟೆ. ಇನ್ನೂ ಸುಲಭ ಬೇಕಾದರೆ 2019ರಲ್ಲಿ ತೆರೆದ ಯೂಲಿಯಾನಾ ದಾರಿ: ಮುಖ್ಯ ಸುತ್ತು 270 ಕಿ.ಮೀ., 16 ಹಂತ, ಶಿಖರಗಳಿಗೆ ಏರದೆ ಬೆಟ್ಟಸಾಲಿನ ಸುತ್ತ ಕಣಿವೆ, ಕಾಡುಗಳಲ್ಲೇ ಸಾಗುತ್ತದೆ. ಮನೆಮಂದಿಯೊಂದಿಗೆ ಹೋಗುವವರಿಗೆ ಡೊಲೊಮೈಟ್ಸ್‌ನ ತ್ರೆ ಚೀಮೆ ಸುತ್ತು ಇದೆ: ಔರೊಂಜೊ ತಂಗುಮನೆಯಿಂದ (2320 ಮೀ.) ಹೊರಟು 2454 ಮೀಟರಿನ ಲಾವರೇದೊ ಕಣಿವೆಬಾಯಿ ದಾಟಿ ವಾಪಸು, 10 ಕಿ.ಮೀ., ನಾಲ್ಕು ಗಂಟೆ.

ಅವಘಡವಾದರೆ ಕರೆ ಮಾಡಬೇಕಾದ ಸಂಖ್ಯೆ 112. ಫೋನ್ ಸಿಗದಿದ್ದರೆ ಆಲ್ಪ್ಸ್‌ನ ಸಂಕಟ ಸಂಕೇತ: ಸೀಟಿಯನ್ನೋ ಟಾರ್ಚನ್ನೋ ಒಂದು ನಿಮಿಷದಲ್ಲಿ ಆರು ಸಲ, ಅಂದರೆ 10 ಸೆಕೆಂಡಿಗೊಮ್ಮೆ, ಆಮೇಲೆ ಒಂದು ನಿಮಿಷ ಬಿಡುವು, ಮತ್ತೆ ಆರು. ನಿಮಿಷಕ್ಕೆ ಮೂರು ಸಲ ಮರುಸಂಕೇತ ಬಂದರೆ ನಿಮ್ಮ ಕೂಗು ಕೇಳಿದೆ ಎಂದರ್ಥ. ಆಗಲೂ ಇದ್ದಲ್ಲಿಂದ ಕದಲದೆ ಸಂಕೇತ ಮುಂದುವರಿಸಬೇಕು.

ಸಂಪಾದಕರಲ್ಲಿ ನಮ್ಮ ಕೋರಿಕೆ ಇಷ್ಟು. ಇನ್ನು ಮುಂದೆ ಬೆಟ್ಟದ ದಾರಿಯ ಬಗ್ಗೆ ಯಾವ ಬರಹ ಪ್ರಕಟಿಸಿದರೂ, ಅದು ಆಲ್ಪ್ಸ್ ಆಗಿರಲಿ ಸಂಡೂರಿನ ಕುಮಾರಸ್ವಾಮಿ ಬೆಟ್ಟ ಆಗಿರಲಿ, ಜೊತೆಗೆ ಒಂದು ಚಿಕ್ಕ ಚೌಕಟ್ಟು ಕೊಡಿ: ಹೊರಡುವ ಜಾಗದ ಎತ್ತರ, ಒಟ್ಟು ಏರು, ಇಳಿಯಲು ಬೇಕಾದ ಹೊತ್ತು, ನೀರು ಸಿಗುವ ಜಾಗ, ಅತಿ ಕಷ್ಟದ ತಾಣ, ಹೋಗಬಾರದ ತಿಂಗಳು. ಬರೆದವರು ಈ ಆರನ್ನು ಕೊಡಲಾರದಿದ್ದರೆ, ಬರಹವನ್ನು ಅವರಿಗೇ ವಾಪಸು ಕಳಿಸಿ ಕೇಳಿ.

ಇತಿ,
ಕೆಲವು ಚಾರಣಾಸಕ್ತರು
ಗಂಗಾವತಿ, ಕೊಪ್ಪಳ ಜಿಲ್ಲೆ